ಬಂಡೆಯ ಮೇಲೊಂದು ಮನೆತನ

ಭೂಮಿ ಇನ್ನೂ ಎಳೆಯದಾಗಿತ್ತು. ಗುಡ್ಡಗಳ ಮೈಬಿಸಿ ಆರಿರಲಿಲ್ಲ, ಹೊಳೆಗೆ ತಾನು ಯಾವ ಕಡೆ ಹರಿಯಬೇಕೆಂದು ಗೊತ್ತಿರಲಿಲ್ಲ, ಯಾರಿಗೂ ಹೆಸರಿರಲಿಲ್ಲ.

ಭೈರವಿ, ಕೈಯಲ್ಲಿರುವ ಆ ಚೂಪು ಕಲ್ಲನ್ನು ಕೆಳಗಿಡು. ಬಂಡೆಯ ಮೇಲೆ ನಿನ್ನ ಹೆಸರು ಗೀಚಲು ಹೊರಟಿದ್ದೀಯ, ನೋಡಿದೆ. ಆ ಜಾಗದಲ್ಲಿ ಆಗಲೇ ಒಂದು ಹೆಸರಿದೆ.

“ಎಲ್ಲೈತಿ ಅಜ್ಜಾ? ಬರೇ ಬೂದಿಬಣ್ಣದ ಕಲಿ ಐತಿ.”

ಕಲೆ ಎಂದೆಯಾ? ಸರಿ. ಆ ತಪ್ಪನ್ನು ಮಾಡಿದವರಲ್ಲಿ ನೀನು ಮೊದಲನೆಯವಳಲ್ಲ. ಕತೆ ಮುಗಿಯುವವರೆಗೆ ಗೀಚಬೇಡ. ಮುಗಿದ ಮೇಲೆ ಗೀಚುವುದೋ ಬಿಡುವುದೋ ನೀನೇ ಹೇಳು.

ಯಾರಿಗೂ ಹೆಸರಿರಲಿಲ್ಲ ಎಂದೆ. ಇಲ್ಲದಿದ್ದರೆ ಏನಾಯಿತು ಎಂದು ಕೇಳು. ಮೊದಲ ಮಳೆ ಬರುವುದಿತ್ತು. ಅದು ಈಗಿನ ಮಳೆಯಂಥದ್ದಲ್ಲ, ಗುಡ್ಡವನ್ನು ತೊಳೆದು ಕಡಲಿಗೆ ಹಾಕುವ ಮಳೆ. ಅದು ಬಂದಾಗ ಭೂಮಿ ತನ್ನ ಮಕ್ಕಳನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಬೇಕು, “ಬಾ, ನನ್ನನ್ನು ಗಟ್ಟಿಯಾಗಿ ಹಿಡಿದುಕೋ” ಎನ್ನಬೇಕು. ಕರೆದಾಗ ಓ ಎಂದವರು ಉಳಿಯುತ್ತಾರೆ. ಹೆಸರಿಲ್ಲದವರನ್ನು ಏನೆಂದು ಕರೆಯುವುದು? ಅವರು ಕಡಲ ಪಾಲು.

ಮಕ್ಕಳಿಗೆ ಹೆಸರಿಡುವುದು ಸೋದರತ್ತೆಯ ಹಕ್ಕು. ನಿನಗೂ ನಿನ್ನ ಸೋದರತ್ತೆಯೇ ಇಟ್ಟಳು. ಭೂಮಿಯ ಮಕ್ಕಳ ತಂದೆ ಆಕಾಶ. ಆಕಾಶನಿಗೊಬ್ಬ ತಂಗಿ ಇದ್ದಳು. ಹೆಸರಿಡುವ ಕೆಲಸ ಅವಳಿಗೆ ಬಂತು. ಎಲ್ಲರೂ ಅವಳನ್ನು ಅತ್ತಿ ಎಂದೇ ಕರೆದರು.

ಅತ್ತಿ ಮಗುವನ್ನು ಮಡಿಲಿಗೆ ಹಾಕಿಕೊಳ್ಳುವಳು. ಕಿವಿಗೆ ಬಾಯಿ ಹಚ್ಚಿ ಕುರ್ರ್ ಎನ್ನುವಳು. ಆಮೇಲೆ ಹೆಸರು ಹೇಳುವಳು. ಹೇಳಿದ ಕೂಡಲೇ ಸುತ್ತ ಕೂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅದು ಪದ್ಧತಿ. ಆಗ ಹೆಂಗಸರೆಂದರೆ ಗಾಳಿ ಮತ್ತು ಹೊಳೆ, ಇಬ್ಬರೇ. ಇಬ್ಬರ ಕೈಯೂ ಭಾರ.

“ಮೆಲ್ಲಗ ಗುದ್ದ್ರೆವ್ವಾ,” ಎನ್ನುವಳು ಅತ್ತಿ. “ಈಗಿನ್ನೂ ಇರುವಿ ಮುಗದೈತಿ. ಆನಿ ತನಕ ನನ್ನ ಬೆನ್ನು ಉಳೀಬೇಕು.”

ಅತ್ತಿ ಕಟ್ಟುನಿಟ್ಟಿನವಳು. ತನ್ನ ಕಣ್ಣಿಂದ ಕಂಡಿದ್ದಕ್ಕೆ ಮಾತ್ರ ಹೆಸರು. ಕಾಗೆ ತಾನು ಬೆಳ್ಳಗಿದ್ದೇನೆಂದು ಹೇಳಿ ಕಳಿಸಿತ್ತು. ಅತ್ತಿ ಹೋಗಿ ನೋಡಿ ಬಂದಳು. ಇನ್ನೊಂದು ನೇಮವೂ ಇತ್ತು: ಒಂದು ಮಡಿಲು, ಒಂದು ಮಗು, ಒಂದು ಹೆಸರು. ಅವಳಿಮಕ್ಕಳಾದರೂ ಒಬ್ಬೊಬ್ಬರಾಗಿಯೇ ಬರಬೇಕು.

ಮಳೆಗಿಂತ ಮೊದಲೇ ಮುಗಿಸಬೇಕೆಂದು ಅವಳು ಬೇಸಿಗೆಯುದ್ದಕ್ಕೂ ನಡೆದಳು. ಗುಡ್ಡ ಗುಡ್ಡ ಹತ್ತಿದಳು, ಹಳ್ಳ ಹಳ್ಳ ಇಳಿದಳು. ಎಲ್ಲರನ್ನೂ ಬಿಸಿಲಲ್ಲೇ ನೋಡಿದಳು. ಈ ಮಾತನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಇತ್ತ ಒಂದು ಬೋಳು ಬಂಡೆ. ನಾವು ಈಗ ಕೂತಿರುವಂಥದ್ದೇ. ಅದರ ನೆತ್ತಿಯ ಮೇಲೆ ಮಂಜು ಇಳಿದು ನಿಲ್ಲುವ ಒಂದು ಪುಟ್ಟ ದೊಣೆ. ಆ ದೊಣೆಯ ನೀರಿನಲ್ಲಿ ಪಾಚಿ ಇದ್ದಳು.

“ಆಗ ಯಾರಿಗೂ ಹೆಸರಿರಲಿಲ್ಲ ಅಂದ್ಯಲ್ಲ ಅಜ್ಜಾ. ಪಾಚಿ ಅಂತ ಹೆಂಗಾತು?”

ಸರಿಯಾದ ಪ್ರಶ್ನೆ. ಆಗ ಅವಳಿಗೆ ಹೆಸರಿರಲಿಲ್ಲ. ಈಗಿನ ಹೆಸರಿನಿಂದ ಹೇಳುತ್ತಿದ್ದೇನೆ, ಇಲ್ಲದಿದ್ದರೆ ಕತೆ ಮುಂದೆ ಹೋಗುವುದಿಲ್ಲ. ಇನ್ನೊಬ್ಬನಿಗೂ ಹಾಗೆಯೇ. ಅವನು ಬೂಷ್ಟು. ಉಪ್ಪಿನಕಾಯಿ ಭರಣಿಯ ಬಾಯಿಗೆ ಬೆಳ್ಳಗೆ ಕೂರುತ್ತಾನಲ್ಲ, ಅವನ ದಾಯಾದಿ. ಗಾಳಿ ಅವನನ್ನು ಪುಡಿಯಾಗಿ ಹೊತ್ತು ತಂದು, ಬೇಸರ ಬಂದು, ಈ ಬಂಡೆಯ ಮೇಲೆ ಚೆಲ್ಲಿ ಹೋಗಿದ್ದಳು.

“ಯಾರರೆ ಅದೀರೇನು?” ಎಂದ ಬೂಷ್ಟು. “ತಿನ್ನಾಕ ಏನರೆ ಐತೇನು?”

“ಬಂಡಿ ಐತಿ, ತಿನ್ನು,” ಎಂದಳು ಪಾಚಿ. ಅವಳಿಗೆ ಸಿಟ್ಟು ಬರಲು ಕಾರಣವಿತ್ತು. ದೊಣೆಯ ನೀರು ಆರಿಹೋಗಿತ್ತು. ಅವಳು ಕಲ್ಲಿಗೆ ಅಂಟಿಕೊಂಡು ಸುಡುತ್ತಿದ್ದಳು.

“ಮರ ಇದ್ದ್ರ ತಿನ್ನತಿದ್ದೆ. ಬಂಡಿ ನನ್ನ ಹಲ್ಲಿಗೆ ಹತ್ತೂದಿಲ್ಲ. ನಿನಗ ಅಡಿಗಿ ಬರತೈತೇನು?”

“ಬರತೈತಿ. ಬಿಸಲು ಸಿಕ್ಕ್ರ ಅದರಾಗ ಬೆಲ್ಲ ಮಾಡತೀನಿ. ಆದ್ರ ನನಗ ನೀರಿಲ್ಲ, ನೆಳ್ಳಿಲ್ಲ. ಒಲಿ ಹಚ್ಚೋ ಬಿಸಲು ನನ್ನನ್ನ ಸುಡಾಕತ್ತೈತಿ. ನಿನಗ ಏನು ಬರತೈತಿ?”

“ನೇಯೂದು. ನೂಲು ನನ್ನ ಮೈಯಾಗ ಐತಿ.”

“ಹಂಗಾರ ಕುಂತೇನು ನೋಡತಿ? ನೇಯಿ.”

ಅವನು ನೇಯ್ದ. ಕೆಳಗೊಂದು ಹಾಸು ನೇಯ್ದು ಬಂಡೆಯ ಸಂದುಸಂದಿಗೆ ನೂಲನ್ನು ಕಚ್ಚಿಸಿದ. ಮೇಲೊಂದು ಹೊದಿಕೆ ನೇಯ್ದ, ಬೂದಿಬಣ್ಣದ್ದು. ನಡುವೆ ಪಾಚಿಯನ್ನು ಕೂರಿಸಿದ. ಬೆಳಗಿನ ಮಂಜನ್ನು ಹೊದಿಕೆಯಲ್ಲಿ ಹೀರಿ ಒಳಕ್ಕೆ ಕೊಟ್ಟ. ಒಳಗೆ ಪಾಚಿ ಒಲೆ ಹಚ್ಚಿ ಅಡಿಗೆಗೆ ಕೂತಳು. ಅವಳು ಅಟ್ಟಳು, ಅವನು ಹೊದಿಸಿದ. ಇಬ್ಬರೂ ಉಂಡರು.

“ಇವತ್ತೂ ಬೆಲ್ಲ ಅಷ್ಟನಾ?” ಎಂದು ಬೂಷ್ಟು ದಿನಾ ಕೇಳುವನು.

“ಬ್ಯಾಡಾದ್ರ ಬಂಡಿ ಐತಿ,” ಎಂದು ಪಾಚಿ ದಿನಾ ಹೇಳುವಳು.

ಬಿಸಿಲು ಏರಿದಾಗ ಹೊದಿಕೆ ಬಿಗಿಯುವುದು, ಬಾಗಿಲು ಮುಚ್ಚುವುದು, ಒಳಗೆ ಪಾಚಿ ಮಲಗುವಳು. ಹೊರಗಿನಿಂದ ನೋಡಿದವರಿಗೆ ಬಂಡೆಯ ಮೇಲೆ ಒಂದು ಹಿಡಿ ಬೂದಿ ಬಿದ್ದಂತೆ ಕಾಣುವುದು. ಮಂಜು ಬಿದ್ದಾಗ ಮತ್ತೆ ಬಾಗಿಲು ತೆರೆಯುವುದು. ಅವಳು ಅಟ್ಟಳು, ಅವನು ಹೊದಿಸಿದ. ಹೀಗೇ ನಡೆದು ನಡೆದು, ಒಬ್ಬರನ್ನು ಬಿಟ್ಟು ಇನ್ನೊಬ್ಬರು ಆ ಬಂಡೆಯ ಮೇಲೆ ಬದುಕಲಾರರು ಎಂಬಂತಾಯಿತು.

ಬೇಸಿಗೆ ಮುಗಿಯುತ್ತ ಬಂತು. ಅತ್ತಿ ಆನೆಗೂ ಹೆಸರಿಟ್ಟು ಮುಗಿಸಿ, ಬೆನ್ನು ಉಜ್ಜಿಕೊಳ್ಳುತ್ತ, ಕೊನೆಯದಾಗಿ ಬಂಡೆಗೆ ಹೆಸರಿಡಲು ಬಂದಳು. ಹಿಂದೆ ಗಾಳಿ ಬಂದಳು, ಗುಡ್ಡದ ಬುಡದವರೆಗೆ ಹೊಳೆ ಬಂದಳು. ಪಡುವಣದಲ್ಲಿ ಕಪ್ಪು ಮೋಡ ತುಂಬಿತ್ತು.

“ಅತ್ತಿ, ಮುಗೀತೇನು?” ಎಂದು ಮಳೆ ಮೇಲಿನಿಂದ ಕೂಗಿದ. “ಇಷ್ಟು ನೀರು ಹೊತ್ತು ನನ್ನ ಕೈ ಸೋಲಾಕತ್ತಾವು.”

“ಇದೊಂದಾದ್ರ ಮುಗೀತು,” ಎಂದಳು ಅತ್ತಿ. ಬಂಡೆಗೆ ಹೆಸರಿಟ್ಟಳು, ಗುದ್ದು ತಿಂದಳು, ಹೊರಟಳು.

“ಅತ್ತಿ, ನಾವು ಉಳದೀವಿ.”

ಅತ್ತಿ ತಿರುಗಿ ನೋಡಿದಳು. ಬಂಡೆ, ಬಂಡೆಯ ಮೇಲೊಂದು ಬೂದಿ ಕಲೆ. ಅಷ್ಟೇ.

“ಕಲಿ ಮಾತಾಡತೈತಲ್ಲ,” ಎಂದಳು ಗಾಳಿ.

“ಹಕ್ಕಿ ಹಿಕ್ಕಿ ಇರಬೇಕು ಬಿಡು,” ಎಂದಳು ಹೊಳೆ ಕೆಳಗಿನಿಂದ.

ಬಂಡೆಯ ಬಿರುಕಿನ ನೆರಳಲ್ಲಿ ಹಾವಸೆ ಇದ್ದಳು, ನೀರಿನ ಪಾಚಿಯಲ್ಲ, ಕಲ್ಲು ಮಣ್ಣಿಗೆ ಹತ್ತುವವಳು, ಹಸಿರು ಮಖಮಲ್ಲಿನಂತೆ ಹರಡಿಕೊಂಡು. ಅವಳಿಗೆ ಹಿಂದಿನ ದಿನವೇ ಹೆಸರು ಸಿಕ್ಕಿತ್ತು. ಹೆಸರು ಸಿಕ್ಕವರ ಗತ್ತು ಬಂದಿತ್ತು.

“ನಮ್ಮ ಕಡೀ ಬಡವ್ರು ಇರಬೇಕ್ರಿ ಅತ್ತಿ,” ಎಂದಳು ಹಾವಸೆ. “ಉಡಾಕ ಒಂದು ಹಸರು ಸೀರಿನೂ ಇಲ್ಲ, ಪಾಪ. ಬಡ ಹಾವಸೆ ಅಂತ ಇಟ್ಟುಬಿಡ್ರಿ. ನಮ್ಮ ಸೆರಗಿನ ತುದೀಗೆ ಬಿದ್ದಿರತಾರ.”

ಮೋಡ ಇನ್ನೂ ಕೆಳಕ್ಕೆ ಇಳಿದಿತ್ತು. ಅತ್ತಿ ಕೇಳಿದಳು, “ಬಡ ಹಾವಸೆ ಅಂತ ಇಡ್ಲೇನು? ಲಗೂನ ಹೇಳ್ರಿ.”

ಹೂಂ ಎಂದಿದ್ದರೆ ಆಗಲೇ ಉಳಿದುಬಿಡುತ್ತಿದ್ದರು. ಬೂಷ್ಟು ಒಳಕ್ಕೆ ಬಾಗಿ ಮೆಲ್ಲಗೆ ಹೇಳಿದ, “ತಗೊಳ್ಳೋಣು. ಹೆಸರು ಯಾವುದಾದ್ರೇನು, ಜೀವ ಉಳಿತೈತಿ.”

“ಭೂಮಿತಾಯಿ ಹಾವಸೆ ಅಂತ ಕರದ್ರ ಆಕಿ ಓ ಅಂತಾಳ,” ಎಂದಳು ಪಾಚಿ ಮಲಗಿದಲ್ಲಿಂದಲೇ, ಹೊರಗೆ ಕೇಳದಷ್ಟು ಮೆಲ್ಲಗೆ. “ನಾ ಹೆಂಗ ಓ ಅನ್ನಲಿ? ಅದು ನಾವಲ್ಲ.”

ಬೂಷ್ಟು ಹೊರಕ್ಕೆ ತಿರುಗಿದ. ಆಮೇಲೆ ಗಟ್ಟಿಯಾಗಿ ಹೇಳಿದ, “ಬ್ಯಾಡ ಅತ್ತಿ. ನಾವು ಹಾವಸೆ ಅಲ್ಲ.”

ಈ ಜಾಗದಲ್ಲಿ ಸ್ವಲ್ಪ ನಿಲ್ಲು, ಭೈರವಿ. ಕಡಲಿಗೆ ಕೊಚ್ಚಿಹೋಗುವ ಹೊತ್ತಿನಲ್ಲಿ ಸಿಕ್ಕ ಹೆಸರನ್ನು, ಅದು ಸರಿಯಾದದ್ದಲ್ಲ ಎಂಬ ಒಂದೇ ಕಾರಣಕ್ಕೆ, ಬೇಡ ಎನ್ನುವುದು ಸುಲಭವಲ್ಲ.

ಅತ್ತಿಗೆ ಸಿಟ್ಟು ಬಂತು. ಆದರೆ ಅವಳು ಹೋಗಲಿಲ್ಲ, ಕೂತಳು. “ಹಂಗಾರ ನೀ ಯಾರಪಾ?”

“ನಾ ಒಬ್ಬ ಅಲ್ಲ ಅತ್ತಿ. ನಾವು ಇಬ್ಬರು.”

ಗಾಳಿ ನಕ್ಕಳು, ಗುಡ್ಡದ ಧೂಳೆಲ್ಲ ಎದ್ದಿತು. ಹೊಳೆ ನಕ್ಕಳು, ದಂಡೆಯ ಕಲ್ಲೆಲ್ಲ ಉರುಳಿದವು. “ಅಂಗೈಯಗಲ ಕಲಿ,” ಎಂದಳು ಗಾಳಿ, “ಅದರಾಗ ಇಬ್ಬರಂತ.”

ಅತ್ತಿ ನಗಲಿಲ್ಲ. “ಇಬ್ಬರಿದ್ದ್ರ ಒಬ್ಬೊಬ್ಬರಾಗಿ ಮಡಲಿಗೆ ಬರ್ರಿ. ಒಬ್ಬರನ್ನ ಕೆರಿಗೆ ಕಳಸತೀನಿ, ಒಬ್ಬರನ್ನ ಅಡವ್ಯಾಗ ಬಿದ್ದ ಮರಕ್ಕ ಕಳಸತೀನಿ. ಇಬ್ಬರೂ ಸುಖವಾಗಿ ಇರತೀರಿ.”

“ಈ ಬಂಡಿ ಮ್ಯಾಲ ನಾವು ಮನಿ ಕಟ್ಟೀವಿ ಅತ್ತಿ,” ಎಂದ ಬೂಷ್ಟು. “ಆಕಿ ಹೊರಗ ಬಂದ್ರ ಈ ಬಿಸಲಿಗೆ ಸುಟ್ಟುಹೋಗತಾಳ. ಆಕಿ ಹೋದ್ರ ನಾ ಹಸದು ಸಾಯತೀನಿ. ಕೆರಿ ಮುಟ್ಟೂದ್ರಾಗ ಆಕಿ ಇರೂದಿಲ್ಲ, ಅಡವಿ ಮುಟ್ಟೂದ್ರಾಗ ನಾ ಇರೂದಿಲ್ಲ.”

“ಆಕಿ, ಆಕಿ ಅಂತೀ. ನನಗ ನೀ ಒಬ್ಬನ ಕಾಣತಿ. ಆಕಿ ಎಲ್ಲಿ ಅದಾಳ? ಕಂಡಿದ್ದಕ್ಕಷ್ಟ ನಾ ಹೆಸರಿಡಾಕಿ.”

“ಒಳಗ ಅದಾಳ. ಬಾಗಲಾ ಹಾಕೇತಿ.”

“ತಗೀ.”

“ನನ್ನ ಕೈಯಾಗಿಲ್ಲ ಅತ್ತಿ. ನೀರು ಬಿದ್ದ್ರಷ್ಟ ತಗೀತೈತಿ.”

ಅತ್ತಿ ಮೇಲೆ ನೋಡಿದಳು. “ನನ್ನ ಕೇಳಬ್ಯಾಡ,” ಎಂದ ಮಳೆ, ತುಂಬಿದ ಕೊಡವನ್ನು ಎರಡೂ ಕೈಯಿಂದ ತಬ್ಬಿಕೊಂಡು. “ಒಂದು ಹನಿ ಬಿಟ್ಟ್ರ ಪೂರಾ ಬಿಡಬೇಕಾಕ್ಕೈತಿ.”

ಅತ್ತಿ ಗಾಳಿಯತ್ತ ತಿರುಗಿದಳು. “ನಕ್ಕಿದ್ದು ಸಾಕು. ಹೋಗು, ಹೊಳಿಯಿಂದ ಒಂದು ಬೊಗಸಿ ನೀರು ತಾ.”

ಗಾಳಿ ಇಳಿದಳು. ಹೊಳೆ ಒಂದು ಬೊಗಸೆ ಕೊಟ್ಟಳು. ಗಾಳಿ ಅದನ್ನು ಚೆಲ್ಲದಂತೆ ಎತ್ತಿ ತಂದಳು. ಗಾಳಿ ಅಷ್ಟು ಮೆಲ್ಲಗೆ ನಡೆದದ್ದು ಅದೇ ಮೊದಲು. ಅತ್ತಿ ಆ ನೀರನ್ನು ಕಲೆಯ ಮೇಲೆ ಹನಿಸಿದಳು.

ಮೊದಲು ಬೂದಿಬಣ್ಣ ಕಪ್ಪಾಯಿತು. ಕಪ್ಪಾದದ್ದು ತೆಳುವಾಯಿತು. ಮಸಿ ಹಿಡಿದ ಲಾಟೀನಿನ ಗಾಜನ್ನು ಒರೆಸಿದರೆ ಒಳಗಿನ ದೀಪ ಕಾಣುತ್ತದಲ್ಲ, ಹಾಗೆ ಒಳಗಿನಿಂದ ಒಂದು ಹಸಿರು ಮೇಲಕ್ಕೆ ಬಂತು. ನೋಡನೋಡುತ್ತಿದ್ದಂತೆ ಅಂಚಿನಿಂದ ಅಂಚಿನವರೆಗೆ ಹರಡಿತು. ಬೂದಿ ಬಿದ್ದಂತಿದ್ದ ಜಾಗದಲ್ಲಿ ಹಸಿರು ಹಸಿರಾಗಿ ಒಂದು ಮನೆ ತೆರೆದು ನಿಂತಿತು.

“ಇಲ್ಲಿ ಅದೀನಿ ಅತ್ತಿ,” ಎಂದಳು ಪಾಚಿ. “ಮಲಗಿದ್ದೆ.”

ಗಾಳಿ ನಗಲಿಲ್ಲ. ಹೊಳೆ ನಗಲಿಲ್ಲ. ಹಾವಸೆ ತನ್ನ ಸೀರೆಯ ಕಡೆ ಒಮ್ಮೆ, ಪಾಚಿಯ ಕಡೆ ಒಮ್ಮೆ ನೋಡಿದಳು.

“ತಪ್ಪು ನಂದು,” ಎಂದಳು ಅತ್ತಿ. “ಬ್ಯಾಸಗಿ ತುಂಬಾ ಒಣಬಿಸಲಾಗ ತಿರಗಿದೆ. ನೀರಾಗ ನೋಡಬೇಕಾದವರನ್ನ ಬಿಸಲಾಗ ನೋಡಿ ಕಲಿ ಅಂದೆ.”

ಆದರೆ ನೇಮ ಹಾಗೇ ಇತ್ತು: ಒಂದು ಮಡಿಲು, ಒಂದು ಮಗು, ಒಂದು ಹೆಸರು. ಇವರು ಇಬ್ಬರು. ಅಗಲಿಸಿದರೆ ಸಾಯುತ್ತಾರೆ, ಅಗಲಿಸದಿದ್ದರೆ ಹೆಸರಿಲ್ಲ. ಮೇಲೆ ಮಳೆಯ ಕೈ ಜಾರುತ್ತಿತ್ತು. ಅತ್ತಿ ಕಣ್ಣು ಮುಚ್ಚಿ ಯೋಚಿಸಿದಳು. ಕಣ್ಣು ತೆರೆದಾಗ ಅವಳ ಮುಖ ಬೆಳಗಿತ್ತು.

“ಹೆಸರು ಮಂದಿಗಷ್ಟ ಅಲ್ಲ, ಮನೆತನಕ್ಕೂ ಇರತೈತಿ. ಒಳಗ ಎಷ್ಟು ಮಂದಿ ಇದ್ದರೂ ಮನೆತನ ಒಂದ. ಒಂದು ಮಡಲು, ಒಂದು ಮನಿ, ಒಂದು ಹೆಸರು. ನನ್ನ ನೇಮ ಮುರೀಲಿಲ್ಲ, ನಿಮ್ಮ ಮನಿನೂ ಮುರೀಲಿಲ್ಲ. ಈ ಮನಿ ಯಾರ ಹೆಸರಿಗೆ?”

“ಅವನ ಹೆಸರಿಗೆ ಇರಲಿ ಅತ್ತಿ,” ಎಂದಳು ಪಾಚಿ. “ಗೋಡಿ ಅಂವ ಕಟ್ಯಾನ. ಒಲಿ ನನ್ನ ಕೈಯಾಗ ಐತಿ, ಅಷ್ಟು ಸಾಕು.”

“ದಿನಾ ಹಿಂಗ ನೋಡ್ರಿ ಅತ್ತಿ,” ಎಂದ ಬೂಷ್ಟು. ಆದರೆ ಅವನ ದನಿಯಲ್ಲಿ ಸಂತೋಷವಿತ್ತು.

ಮನೆಯನ್ನು ಎತ್ತಿ ಮಡಿಲಿಗೆ ಹಾಕಿಕೊಳ್ಳಲಾಗುವುದಿಲ್ಲ. ಆನೆಯನ್ನೇ ಮಡಿಲಲ್ಲಿ ಕೂರಿಸಿಕೊಂಡಿದ್ದ ಅತ್ತಿ ಆ ಅಂಗೈಯಗಲದ ಮನೆಯ ಮುಂದೆ ತಾನೇ ಬಾಗಿದಳು. ಕಾದ ಬಂಡೆಗೆ ಕೆನ್ನೆ ಹಚ್ಚಿ ಮಲಗಿದಳು, ತೋಳಿನಿಂದ ಬಂಡೆಯನ್ನು ಬಳಸಿದಳು. ಕುರ್ರ್ ಎಂದಳು. ಆಮೇಲೆ ಹೇಳಿದಳು, “ಕಲ್ಲುಹೂವು.”

“ಕಲ್ಲುಹೂವು ನಮ್ಮ ಅಡಿಗಿಮನ್ಯಾಗೂ ಐತಿ. ಅವ್ವ ಮಸಾಲಿ ಖಾರಕ್ಕ ಹಾಕತಾಳ.”

ಹೌದು, ಅವರು ಮರದ ಮೇಲೆ ಬೆಳೆಯುವ ಇವರ ನೆಂಟರು. ಇದೇ ಎಂದು ಹೇಳಬೇಡ, ನೆಂಟರು ಎಂದು ಹೇಳು.

“ಆದ್ರ ಇದು ಹೂವಾ ಅಜ್ಜಾ?”

ಅಲ್ಲ. ಬೇರಿಲ್ಲ, ಎಸಳಿಲ್ಲ, ಬೀಜವಿಲ್ಲ. ನಾನಾಗಿದ್ದರೆ ಬೇರೆ ಹೆಸರಿಡುತ್ತಿದ್ದೆ. ಸೋದರತ್ತೆ ನಾನಲ್ಲ. ಯಾವತ್ತೂ ಏನೂ ಅರಳದ ಕಲ್ಲಿನ ಮೇಲೆ ಏನೋ ಅರಳಿದ್ದನ್ನು ಅವಳು ಕಂಡಳು, ಕಂಡದ್ದಕ್ಕೆ ಹೆಸರಿಟ್ಟಳು.

ಗಾಳಿ ಅತ್ತಿಯ ಬೆನ್ನಿಗೆ ಗುದ್ದಿದಳು. ಹೊಳೆ ಗುಡ್ಡದ ಬುಡಕ್ಕೆ ಗುದ್ದಿದಳು. ಮೇಲಿದ್ದ ಮಳೆಗೂ ತಡೆಯಲಾಗಲಿಲ್ಲ, ಅವನೂ ಮೋಡದ ಬೆನ್ನಿಗೆ ಗುದ್ದಿದ. ಅದು ಮೊದಲ ಗುಡುಗು. ಗುದ್ದಲು ಕೈ ಬಿಟ್ಟನಲ್ಲ, ಕೊಡ ಜಾರಿತು.

ಮಳೆ ಬಿತ್ತು. ಆಕಾಶವೇ ಕೆಳಗೆ ಬಂದಂತೆ ಬಿತ್ತು. ಭೂಮಿ ಕರೆಯತೊಡಗಿದಳು. “ಬೇವೇ, ಹಿಡಿದುಕೋ.” ಬೇವು ಓ ಎಂದಿತು. “ಇರುವೆಯೇ, ಹಿಡಿದುಕೋ.” ಇರುವೆ ಓ ಎಂದಿತು. ಕರೆದು ಕರೆದು ಕೊನೆಗೆ ಬೋಳು ಬಂಡೆಯ ಕಡೆ ತಿರುಗಿ, “ಕಲ್ಲುಹೂವೇ,” ಎಂದಳು.

“ಓ” ಎಂದು ಎರಡು ದನಿಗಳು ಒಟ್ಟಿಗೆ ಬಂದವು.

ಮಣ್ಣು ಹೋಯಿತು, ಮರಳು ಹೋಯಿತು, ಹುಣಸೆಮರದಷ್ಟು ದೊಡ್ಡ ಗುಂಡುಗಳು ಉರುಳಿಹೋದವು. ಬಂಡೆಯ ಸಂದುಸಂದಿಗೆ ಕಚ್ಚಿದ ಆ ನೂಲು ಒಂದೆಳೆಯೂ ಬಿಡಲಿಲ್ಲ. ಹೊರಗೆ ಮಳೆ ಹೊಡೆಯುತ್ತಿದ್ದರೆ ಒಳಗೆ ಒಲೆ ಉರಿಯುತ್ತಿತ್ತು. ಅವಳು ಅಟ್ಟಳು, ಅವನು ಹೊದಿಸಿದ.

ಬಿರುಕಿನಿಂದ ಕಿತ್ತು ಬಂದ ಹಾವಸೆ ಬಂಡೆಯ ಮೇಲೆ ಜಾರುತ್ತ ಜಾರುತ್ತ ಅವರ ಪಕ್ಕಕ್ಕೆ ಬಂದಳು. ಹಿಡಿಯಲು ಏನೂ ಇರಲಿಲ್ಲ.

“ನಮ್ಮನಿ ಅಂಚು ಹಿಡಕೋ ಅಕ್ಕಾ,” ಎಂದಳು ಪಾಚಿ. “ಬಡವ್ರ ಮನಿ, ಸಣ್ಣದೈತಿ. ಸಂಬಾಳಿಸ್ಕೋ.”

ಹಾವಸೆ ಹಿಡಿದುಕೊಂಡಳು. ಉಳಿದಳು.

ಮಳೆ ನಿಂತ ಬೆಳಿಗ್ಗೆ ಅತ್ತಿ ಗುಡ್ಡದ ನೆತ್ತಿಗೆ ಹತ್ತಿ ಸುತ್ತ ನೋಡಿದಳು. ಬೇಸಿಗೆಯಲ್ಲಿ ಬೋಳಾಗಿ ಕಂಡಿದ್ದ ಬಂಡೆಗಳೆಲ್ಲ ಬಣ್ಣ ಉಟ್ಟು ನಿಂತಿದ್ದವು. ಒಂದು ಗುಡ್ಡದಲ್ಲಿ ಕೇಸರಿ, ಒಂದರಲ್ಲಿ ಅರಿಸಿನ, ನೆರಳಿನ ಬದಿಗೆ ತಿಳಿಹಸಿರು, ಹೊಳೆಯ ಬದಿಗೆ ಇದ್ದಿಲು ಕಪ್ಪು. ಎಲ್ಲ ಕಡೆಯೂ ಇಂಥವೇ ಜೋಡಿಗಳು, ಬಾಗಿಲು ಹಾಕಿಕೊಂಡು, ಕಲೆ ಎನಿಸಿಕೊಂಡು ಬೇಸಿಗೆ ಕಳೆದಿದ್ದವು. ಬಂಡೆಗಳಿಗೆ ಹೆಸರಿತ್ತು. ಅವು ಉಳಿದವು. ಅವುಗಳ ಮೇಲಿದ್ದ ಈ ಜೋಡಿಗಳು, ಮೊದಲ ಮನೆಯ ಓ ಎಂಬ ದನಿ ಕೇಳಿ, ನಾವೂ ಇದೇ ಮನೆತನದವರು ಎಂದು ತಾವೂ ಓ ಎಂದು ಉಳಿದಿದ್ದವು.

“ಅತ್ತಿ, ಈಗ ನಮ್ಮನಿಗೆ ಬ್ಯಾರೆ ಹೆಸರು.” “ನಮ್ಮನಿಗೂ ಅತ್ತಿ.” “ಇತ್ತಾಗೂ ಬರ್ರಿ,” ಎಂದು ಬಂಡೆಬಂಡೆಯಿಂದ ದನಿ ಬಂತು.

ಮುಗಿಯಿತೆಂದುಕೊಂಡ ಕೆಲಸ ಈಗ ಶುರುವಾಗಿತ್ತು. ಅತ್ತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಬರ್ರೆವ್ವಾ,” ಎಂದಳು ಗಾಳಿಗೂ ಹೊಳೆಗೂ, “ಬೆನ್ನು ಇನ್ನೂ ಗಟ್ಟಿ ಐತಿ. ಈ ಸಲ ಮಳ್ಯಾಗೂ ನೋಡೋಣು, ಬಿಸಲಾಗೂ ನೋಡೋಣು.”

ಆ ಕೆಲಸ ಇನ್ನೂ ಮುಗಿದಿಲ್ಲ, ಭೈರವಿ. ಇವತ್ತಿಗೂ ಕೆಲವರು ಭೂತಗನ್ನಡಿ ಹಿಡಿದು ಒಂದೊಂದು ಸೀಮೆಯ ಗುಡ್ಡಗಳನ್ನು ಹತ್ತುತ್ತಾರೆ. ಬಂಡೆಯ ಮುಂದೆ ಅತ್ತಿಯಂತೆಯೇ ಮೊಣಕಾಲೂರಿ ಬಾಗುತ್ತಾರೆ, ನೀರು ಹನಿಸುತ್ತಾರೆ, ನೋಡುತ್ತಾರೆ, ಹೆಸರಿಡುತ್ತಾರೆ. ಅವರ ಹಿರಿಯರೂ ಮೊದಲು ಇವನ್ನು ಹಾವಸೆಯ ಬಡನೆಂಟರೆಂದೇ ಎಣಿಸಿದ್ದರು. ಇವು ಒಂದಲ್ಲ, ಎರಡು ಜೀವ ಎಂದು ದೂರದೇಶದ ಒಬ್ಬ ಪಂಡಿತ ಹೇಳಿದಾಗ, ಉಳಿದ ಪಂಡಿತರು ಗಾಳಿ ನಕ್ಕಂತೆಯೇ ನಕ್ಕರು. ಆಮೇಲೆ ಸರಿಯಾಗಿ ನೋಡಿದರು. ನಗು ನಿಂತಿತು. ಈಗಲೂ ಪಂಡಿತರ ಲೆಕ್ಕದಲ್ಲಿ ಹೆಸರು ಬೂಷ್ಟಿನ ಕಡೆಯಿಂದಲೇ, ಒಲೆ ಪಾಚಿಯ ಕೈಯಲ್ಲೇ.

ಕತೆ ಮುಗಿಯಿತು. ನಿನ್ನ ನೀರಿನ ಬಾಟಲಿ ತೆಗೆ. ಅಷ್ಟು ಬೇಡ, ಒಂದು ಬೊಗಸೆ ಸಾಕು. ಹಾಂ, ಅಲ್ಲೇ, ನೀನು ಗೀಚಲು ಹೊರಟ ಜಾಗದಲ್ಲೇ ಹಾಕು. ಹಾಕಿ ಸುಮ್ಮನೆ ನೋಡು.

“ಅಜ್ಜಾ, ಕಪ್ಪಾತು.”

ನೋಡುತ್ತಿರು.

“ಅಜ್ಜಾ, ಬಾಗಲಾ ತಗೀತು.”

ಇನ್ನು ನೀನು ಹೇಳಬೇಕು. ಆ ಚೂಪು ಕಲ್ಲು ಎಲ್ಲಿ?

“ಆಗಲೇ ಒಗದೆ. ಒಳಗ ಅಡಿಗಿ ನಡದೈತಿ, ಸುಮ್ಮನಿರು.”

ಅಂದು ಅತ್ತಿ ಕಾದ ಬಂಡೆಗೆ ಕೆನ್ನೆ ಹಚ್ಚಿ ಹೆಸರಿಟ್ಟಳಲ್ಲ, ಅದಕ್ಕೇ ಇಂದಿಗೂ ಯಾವ ಗಿಡವೂ ಹಿಡಿಯದ ಬೋಳುಬಂಡೆಯನ್ನು ಕಲ್ಲುಹೂವು ಬಿಡದೆ ಹಿಡಿದಿರುತ್ತದೆ, ಮತ್ತು ನೀನು ಒಂದು ಬೊಗಸೆ ನೀರು ಹಾಕಿದರೆ ನಿನ್ನ ಕಣ್ಣೆದುರೇ ಹಸಿರಾಗಿ ಓ ಎನ್ನುತ್ತದೆ.